ಮಳೆಗಾಲದ ಜಗುಲಿಗೆ ಒಂದು ಚದುರಂಗದ ಹಾಸು

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮಾಸ್ತರರಿಗೆ, ಅಕ್ಕೋರಿಗೆ ಮತ್ತು ಪಾಲಕರಿಗೆ,

2024ರ ಡಿಸೆಂಬರ್ 12ರ ಆ ಸಂಜೆ ನಿಮಗೂ ನೆನಪಿರಬೇಕು. ಸಿಂಗಪುರದಲ್ಲಿ ಚದುರಂಗದ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಚೀನಾದ ಡಿಂಗ್ ಲಿರೆನ್ 55ನೇ ನಡೆಯಲ್ಲಿ ತಮ್ಮ ಆನೆಯನ್ನು ಎದುರಾಳಿಯ ಆನೆಯ ಬಾಯಿಗೇ ತಂದಿಟ್ಟರು. ಆನೆಗೆ ಆನೆ ಹೋದರೆ ಒಂಟೆಗೆ ಒಂಟೆಯೂ ಹೋಗುತ್ತದೆ, ಒಂದು ಪದಾತಿ ಹೆಚ್ಚಿರುವ ತಾನೇ ಗೆಲ್ಲುತ್ತೇನೆ ಎಂಬುದು ಎದುರಾಳಿ, ಚೆನ್ನೈಯ ಗುಕೇಶನಿಗೆ ಹೊಳೆಯಿತು. 7.5–6.5. ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಹಾಸಿನ ಮೇಲಿನ ಕಾಯಿಗಳನ್ನೆಲ್ಲ ಒಂದೊಂದಾಗಿ ಅವುಗಳ ಮನೆಗೆ ಮರಳಿಸಿಟ್ಟ.

ನಾವೂ ಕಣ್ಣೊರೆಸಿಕೊಂಡೆವು. ಆಮೇಲೆ 'ಅದೆಲ್ಲ ಚೆನ್ನೈಯವರಿಗೆ ಬಿಡಿ' ಎಂದು ಸುಮ್ಮನಾದೆವು. ಹಾಗೆ ಸುಮ್ಮನಾಗಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಗುಕೇಶ್ ಆಟ ಕಲಿತದ್ದು ಏಳನೇ ವಯಸ್ಸಿಗೆ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ತಾಸು, ಅಷ್ಟೇ. ಮುಂದೆ ಮಗನ ಜೊತೆ ಊರೂರು ತಿರುಗಲು ವೈದ್ಯ ತಂದೆ ಕೆಲಸ ಬಿಟ್ಟರು, ತಾಯಿಯ ದುಡಿಮೆಯಲ್ಲಿ ಮನೆ ನಡೆಯಿತು. ಆ ತ್ಯಾಗ ಎಲ್ಲರಿಂದಾಗದು. ಆದರೆ ಆ ಮೊದಲ ಮೂರು ತಾಸು ನಮ್ಮ ಯಾವ ಶಾಲೆಗೂ ಭಾರವಲ್ಲ.

ಚೆನ್ನೈಯವರೇ ಆದ ವಿಶ್ವನಾಥನ್ ಆನಂದ್ 1988ರಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜಕುಮಾರ್. ಬುದ್ಧಿಯಲ್ಲಿ ನಮ್ಮ ಮಕ್ಕಳು ಹಿಂದಿದ್ದರೆಂದಲ್ಲ, ಹಾಸು ಹಾಕಿ ಕೂರಿಸುವವರು ಕಡಿಮೆಯಿದ್ದರು. ದೂರ ಯಾಕೆ, ನಮ್ಮ ಹೊನ್ನಾವರದ ಸಮರ್ಥ ರಾವ್ ಅವರನ್ನೇ ನೋಡಿ. ವಿಕಲಚೇತನರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಡಿ ಪದಕ ತಂದವರು. ಶರಾವತಿಯ ದಡದಿಂದಲೂ ಜಗತ್ತಿನ ಹಾಸಿಗೆ ದಾರಿಯಿದೆ ಎಂದು ಅವರು ತೋರಿಸಿದ್ದಾರೆ.

ಜೂನ್ ಬಂತೆಂದರೆ ನಮ್ಮ ಶಾಲೆಗಳ ಮೈದಾನ ಕೆಸರುಗದ್ದೆ. ಆಟದ ಪಿರಿಯಡ್ಡಿನಲ್ಲಿ ಮಕ್ಕಳು ಹೆಂಚಿನಿಂದ ಸುರಿಯುವ ನೀರಿಗೆ ಕೈಯೊಡ್ಡಿ ಜಗುಲಿಯಲ್ಲಿ ನಿಂತಿರುತ್ತಾರೆ. ಆ ಜಗುಲಿಯೇ ಸಾಕು. ಮಾಸ್ತರರೇ, ಅಲ್ಲಿ ನಾಲ್ಕು ಹಾಸು ಬಿಚ್ಚಿ. ಮುಟ್ಟಿದ ಕಾಯಿ ನಡೆಸಲೇಬೇಕು ಎಂಬ ನಿಯಮವನ್ನು ಮೊದಲ ದಿನವೇ ಹೇಳಿಕೊಡಿ. ನಡೆದ ನಡೆಯನ್ನು ಪಟ್ಟಿಯಲ್ಲಿ ಬರೆಯಲು ಕಲಿಸಿ, ಸೋತವನು ಮನೆಗೆ ಹೋಗಿ ತನ್ನ ತಪ್ಪನ್ನು ತಾನೇ ಹುಡುಕಲಿ. ಅಕ್ಕೋರೇ, ಹೆಣ್ಣುಮಕ್ಕಳನ್ನೂ ಕೈಹಿಡಿದು ಕರೆತಂದು ಕೂರಿಸಿ. ಪಾಲಕರೇ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ತಡವಾಗಿ ಬಂದ ಮಗುವನ್ನು ಗದರಬೇಡಿ. ಮೂರು ತಾಲೂಕಿನ ಮಕ್ಕಳು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಆಡಲಿ, ಭಟ್ಕಳದಿಂದ ಕುಮಟಾಕ್ಕೆ ರೈಲೂ ಇದೆ, ಬಸ್ಸೂ ಇದೆ.

ಇವರಲ್ಲಿ ಎಲ್ಲರೂ ಚಾಂಪಿಯನ್ ಆಗಲಾರರು. ಆದರೆ ಸೋತ ಆಟ ಮುಗಿದ ಮೇಲೂ ಎದುರಾಳಿಯ ಕೈಕುಲುಕಿ, ಕಾಯಿಗಳನ್ನು ಮತ್ತೆ ಸಾಲಾಗಿ ಹೂಡಿಟ್ಟು ಏಳುವುದನ್ನು ಎಲ್ಲರೂ ಕಲಿಯಬಲ್ಲರು. ಈ ಜೂನಿನ ಮೊದಲ ಮಳೆಗೇ ಶುರುಮಾಡೋಣ.

ಇಂತಿ ನಿಮ್ಮವ,
ಹೊನ್ನಾವರದ ಒಬ್ಬ ಪಾಲಕ