ಮಕ್ಷಿಕಾ ದಂಡನಾಯಕರು

ಬಯಲಿನಲ್ಲಿ ಒಲೆ ಹೂಡಿ, ಮರದ ನೆರಳಿನಲ್ಲಿ ಪಂಕ್ತಿಯಾಗಿ ಕುಳಿತು ಉಣ್ಣುವ ಸುಖವನ್ನು ಮನುಷ್ಯನು ಮನೆ ಕಟ್ಟಿಕೊಂಡ ಮೇಲೂ ಮರೆತಿಲ್ಲವೆಂಬುದಕ್ಕೆ ನಮ್ಮ ನಾರ್ವದ ಸೀಮೆಯಲ್ಲಿ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಕಾರ್ತಿಕ ಬಂತೆಂದರೆ ನೆಲ್ಲಿಯ ಮರದಡಿ ವನಭೋಜನ. ಅದೇ ಮಾಸದಲ್ಲಿ ಕುರುಮೂರ್ತಿಯ ಜಾತ್ರೆಗೆ ಹೋದವರು ಗುಡ್ಡದ ಬುಡದಲ್ಲಿ ಮೂರು ಕಲ್ಲು ಹೂಡಿ ಮಾಡಿಕೊಳ್ಳುವ ಅಡಿಗೆ. ಮಾರ್ಗಶಿರದ ಕೊನೆಗೆ ಎಳ್ಳ ಅಮಾವಾಸ್ಯೆಯ ಚರಗ. ಅದರ ಬೆನ್ನಿಗೇ ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾಚಟ್ನಿಯೊಡನೆ ಬಾಯಿಗೆ ಹಾಕಿಕೊಳ್ಳುವ ಸೀತನಿ. ನಡುನಡುವೆ ಯಾರದೋ ಹರಕೆ ಫಲಿಸಿದ್ದಕ್ಕೆ ದರ್ಗಾದ ಬಳಿಯ ಬೇವಿನ ನೆರಳಿನಲ್ಲಿ ಕಂದೂರಿ. ಈ ಸಮಾರಂಭಗಳಿಗೆಲ್ಲ ಕರೆಯಿಲ್ಲದೆ ಬರುವ ಅತಿಥಿಗಳು ಎರಡು ಬಗೆ. ಮೊದಲನೆಯದು ನೊಣ. ಎರಡನೆಯವರು, ಆ ನೊಣಗಳನ್ನು ಓಡಿಸುವುದಕ್ಕೆಂದೇ ಜನ್ಮವೆತ್ತಿದ ಕಾಕಾ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ನಾರಾಯಣಪೇಟೆಯಲ್ಲಿ, ಮಕ್ತಲದಲ್ಲಿ, ಹೊಳೆಯಾಚೆಯ ಗದ್ವಾಲದಲ್ಲಿ ಇವರ ಸಗೋತ್ರರನ್ನು ನಾನು ಬಲ್ಲೆ. ಆದರೆ ನಾರ್ವದ ಕಾಕಾ ಅವರಲ್ಲಿ ಕಾಣುವ ಏಕನಿಷ್ಠೆಯೂ ಆಹಾರದ ವಿಷಯದಲ್ಲಿ ವೈರಾಗ್ಯವೂ ಉಳಿದ ಕಡೆ ಅಪರೂಪ. ಅವರ ನಿಜನಾಮಧೇಯವನ್ನು ಹೇಳಿ ಪ್ರಯೋಜನವಿಲ್ಲ. ರೇಷನ್ ಚೀಟಿಯನ್ನು ಬಿಟ್ಟರೆ ಬೇರಾರೂ ಅದನ್ನು ಬಳಸಿದ್ದಿಲ್ಲ. ಅರುವತ್ತು ದಾಟಿದ ವಯಸ್ಸು, ಬಿಳಿಯ ಧೋತರ, ತಲೆಗೆ ರುಮಾಲು, ಹೆಗಲಿಗೆ ಟವೆಲ್. ಮಿಕ್ಕವರ ಹೆಗಲಿನ ಮೇಲೆ ಟವೆಲ್ಲು ಬೆವರೊರಸುವ ಬಟ್ಟೆ. ಕಾಕಾ ಅವರ ಹೆಗಲೇರಿದೊಡನೆ ಅದು ಆಯುಧ. ಬಂಡಿಯಿಂದ ಇಳಿದವರು ನೀರು ತರುವುದಕ್ಕಾಗಲಿ, ಬದನೆಕಾಯಿ ಹೆಚ್ಚುವುದಕ್ಕಾಗಲಿ ಕೈ ಹಚ್ಚತಕ್ಕವರಲ್ಲ. ಮೊದಲು ಚಿಟಿಕೆ ಮಣ್ಣನ್ನು ಎತ್ತಿ ಗಾಳಿಗೆ ಬಿಟ್ಟು, ಅದು ಹೋದ ದಿಕ್ಕನ್ನು ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ಆಜ್ಞೆ ಹೊರಡಿಸುತ್ತಾರೆ.

“ಏ ತಮ್ಮಾ, ಒಲಿ ಅಲ್ಲಿ ಹೂಡಬ್ಯಾಡ. ಗಾಳಿ ಮೂಡಲ ಕಡಿಂದ ಬರ್ಲಕತ್ಯಾದ. ನೊಣ ಅಂಬೋದು ಗಾಳಿಗಿ ಎದುರಾಗೇ ವಾಸನಿ ಹಿಡದು ಬರ್ತದ. ಒಲಿ ಆ ಕಡಿ, ಕುಂದ್ರೋದು ಈ ಕಡಿ.”

ಮಾತಿನಲ್ಲಿ ತಪ್ಪಿಲ್ಲ. ಕೀಟಗಳು ಗಾಳಿಯಲ್ಲಿ ತೇಲಿಬಂದ ವಾಸನೆಯ ಜಾಡು ಹಿಡಿದು ಗಾಳಿಗೆದುರಾಗಿಯೇ ಬರುತ್ತವೆಂಬುದು ಶಾಸ್ತ್ರಸಮ್ಮತವಾದ ಸಂಗತಿ. ತೊಂದರೆಯೆಲ್ಲ ಗಾಳಿಯದು, ಅದು ಕಾಕಾ ಅವರ ಅಪ್ಪಣೆಯನ್ನು ಕಾಯುವುದಿಲ್ಲ. ಒಲೆ ಒಂದೆಡೆಯಿಂದ ಇನ್ನೊಂದೆಡೆಗೆ, ಅಲ್ಲಿಂದ ಮತ್ತೊಂದೆಡೆಗೆ ಪ್ರಯಾಣ ಮಾಡುವಷ್ಟರಲ್ಲಿ ಅನ್ನ ಅರೆಬೆಂದಿರುತ್ತದೆ, ಹೆಂಗಸರು ಪೂರ್ತಿ ಬೆಂದಿರುತ್ತಾರೆ.

ವೈರಿಯನ್ನು ಕುರಿತು ಕಾಕಾ ಅವರಿಗಿರುವ ಜ್ಞಾನ ಅಗಾಧವಾದದ್ದು. ಹಿಂದೆ ಯಾವುದೋ ಆರೋಗ್ಯಶಿಬಿರದಲ್ಲಿ ಕೇಳಿದ ಉಪನ್ಯಾಸವೊಂದು ಅವರ ಮನಸ್ಸಿನಲ್ಲಿ ಶಿಲಾಶಾಸನವಾಗಿ ನಿಂತುಬಿಟ್ಟಿದೆ; ಅದನ್ನು ಓದಿಹೇಳುವ ಮುಹೂರ್ತವಾದರೋ ಎಲೆಗೆ ಬಡಿಸಿದ ತರುವಾಯವೇ ಕೂಡಿಬರುತ್ತದೆ. ನೊಣಕ್ಕೆ ಹಲ್ಲಿಲ್ಲ, ಅಗಿಯುವ ಶಕ್ತಿಯಿಲ್ಲ. ಆದಕಾರಣ ಅದು ಗಟ್ಟಿ ಪದಾರ್ಥದ ಮೇಲೆ ಕುಳಿತೊಡನೆ ತನ್ನ ಬಾಯಿಯ ರಸವನ್ನು ಅದರ ಮೇಲೆ ಸುರಿಸಿ, ಕರಗಿಸಿ, ಅನಂತರ ಹೀರುತ್ತದೆ. ಅದಕ್ಕೆ ರುಚಿ ತಿಳಿಯುವುದು ಕಾಲಿನಿಂದ. ಹೂರಣ ಸಿಹಿಯೋ ಸಪ್ಪೆಯೋ ಎಂದು ನಿರ್ಧರಿಸಬೇಕಾದರೆ ಅದು ಹೋಳಿಗೆಯ ಮೇಲೆ ನಡೆದು ನೋಡಲೇಬೇಕು. ಆ ಕಾಲಾದರೂ ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಯನ್ನೆತ್ತಿ, ಅದಕ್ಕೆ ಉತ್ತರವನ್ನು ಕಾಕಾ ಸ್ಥಳಗಳ ಹೆಸರು ಸಮೇತ ವಿವರಿಸುತ್ತಾರೆ. ಒಂದು ಎಳ್ಳ ಅಮಾವಾಸ್ಯೆಯಂದು ದೇವಸೂಗೂರಿನಿಂದ ಬಂದ ಹೊಸ ಬೀಗರು ಎರಡನೆಯ ಹೋಳಿಗೆಯನ್ನು ಮುರಿದವರು ಈ ವಿವರಣೆಯ ಮಧ್ಯಭಾಗದಲ್ಲಿ ಅದನ್ನು ಮೆಲ್ಲಗೆ ಎಲೆಯ ಅಂಚಿಗೆ ಸರಿಸಿ, ‘ಹಸಿವಿಲ್ಲ’ ಎಂದರು. ನೊಣಗಳ ಸೈನ್ಯವೇ ಬಂದರೂ ಅಷ್ಟು ಶೀಘ್ರವಾಗಿ ಪಂಕ್ತಿಯನ್ನು ಎಬ್ಬಿಸುವುದು ಶಕ್ಯವಿರಲಿಲ್ಲ.

ಇನ್ನು ಅವರ ಶಸ್ತ್ರಾಗಾರ. ಮೊದಲನೆಯದು ಬೇವಿನ ತಪ್ಪಲು. ಕುಳ್ಳಿನ ಕೆಂಡದ ಮೇಲೆ ಹಸಿ ಬೇವನ್ನು ಹಾಕಿ, ಅದು ಸಾಲದೆ ದರ್ಗಾದ ಕಡೆಯಿಂದ ಸಂಪಾದಿಸಿದ ಲೋಬಾನವನ್ನೂ ಉದುರಿಸಿದರೆ ಏಳುವ ಧೂಮಕ್ಕೆ ನೊಣಗಳು ದೂರ ಸರಿಯುವುದು ನಿಜ. ಆದರೆ ನೊಣಕ್ಕೆ ರೆಕ್ಕೆಯುಂಟು, ಉಣ್ಣಲು ಕುಳಿತವನಿಗೆ ಇಲ್ಲ. ಕಣ್ಣೀರು ಸುರಿಸುತ್ತ ಪುಂಡಿಪಲ್ಯ ಉಣ್ಣುವವರನ್ನು ದೂರದಿಂದ ಕಂಡ ದಾರಿಹೋಕರು, ಯಾರೋ ತೀರಿಕೊಂಡಿರಬೇಕೆಂದು ರುಮಾಲು ತೆಗೆದು ನಿಂತದ್ದೂ ಉಂಟು. ಎರಡನೆಯದು ಮಾಯಾಬಲೆ: ಪಂಕ್ತಿಗೆ ಐವತ್ತು ಹೆಜ್ಜೆ ದೂರದಲ್ಲಿ ಗಂಗಾಳದ ತುಂಬ ಬೆಲ್ಲದ ನೀರನ್ನಿಟ್ಟು, ನೊಣಗಳು ಅತ್ತ ಮರುಳಾಗಿ ಹೋಗಲಿ ಎಂಬ ರಾಜನೀತಿ. ಬೆಲ್ಲವಿದ್ದಲ್ಲಿ ನೊಣವೆಂಬ ಗಾದೆಯನ್ನು ಬಲ್ಲ ಕಾಕಾ, ಆ ಬೆಲ್ಲದ ಸುದ್ದಿ ಅಕ್ಕಪಕ್ಕದ ಹೊಲಗಳಿಗೂ ಮುಟ್ಟೀತೆಂಬುದನ್ನು ಎಣಿಸಲಿಲ್ಲ. ನಮ್ಮ ಪಾಲಿನ ನೊಣಗಳು ನಮ್ಮಲ್ಲೇ ಉಳಿದವು. ನೆರೆಯವರ ಪಾಲಿನವು ಬೆಲ್ಲವನ್ನು ಮುಗಿಸಿ ಊಟಕ್ಕೆ ನಮ್ಮಲ್ಲಿಗೆ ಬಂದವು. ಮೂರನೆಯದು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಒಳಗೊಂದು ನಾಣ್ಯ ಹಾಕಿ, ಕೊಂಬೆಗೆ ತೂಗಹಾಕುವ ವಿದ್ಯೆ. ಹೈದರಾಬಾದಿನ ಯಾವುದೋ ಖಾನಾವಳಿಯ ಬಾಗಿಲಲ್ಲಿ ಕಂಡು ಕಲಿತದ್ದಂತೆ. ನೀರಿನಲ್ಲಿ ಹೊಳೆಯುವ ಬೆಳಕಿಗೆ ನೊಣ ಬೆದರುತ್ತದೆಂಬುದು ಇದರ ಹಿಂದಿನ ಸಿದ್ಧಾಂತ. ನಾನು ಕಂಡ ನೊಣಗಳು ಆ ಚೀಲದ ಮೇಲೆಯೇ ಕುಳಿತು, ಕೈಕಾಲು ಉಜ್ಜಿಕೊಂಡು, ಊಟಕ್ಕೆ ಸಿದ್ಧವಾಗುತ್ತಿದ್ದವು.

ನಾಲ್ಕನೆಯ ಶಸ್ತ್ರ ಆಧುನಿಕ: ಕರೆಂಟಿನ ಸೊಳ್ಳೆಬ್ಯಾಟು. ಪಟ್ಟಣದಿಂದ ತಮ್ಮನ ಮಗ ತಂದುಕೊಟ್ಟ ಈ ದಿವ್ಯಾಸ್ತ್ರ ಕೈಸೇರಿದ ಮೇಲೆ ಕಾಕಾ ಕೆಲವು ಕಾಲ ಟವೆಲ್ಲನ್ನು ಮರೆತೇಬಿಟ್ಟಿದ್ದರು. ‘ಚಟ್’ ಎಂಬ ಪ್ರತಿಯೊಂದು ಸದ್ದಿಗೂ ಅವರ ಮೀಸೆಯಡಿಯಲ್ಲಿ ಮಂದಹಾಸವೊಂದು ಮೂಡುತ್ತಿತ್ತು. ಸುಟ್ಟ ನೊಣವು ಎತ್ತ ಬಿತ್ತೆಂಬುದು ಅಂಬಲಿಯ ಗಡಿಗೆಗೆ ಮಾತ್ರ ತಿಳಿದ ವಿಷಯ. ನಿದ್ರಿಸುವ ರಾಜನ ಮೈಮೇಲೆ ಕುಳಿತ ನೊಣವನ್ನು ಕೊಲ್ಲಲು ಖಡ್ಗವೆತ್ತಿದ ಸ್ವಾಮಿಭಕ್ತ ಕೋತಿಯ ಕಥೆ ಪಂಚತಂತ್ರದಲ್ಲಿದೆ. ಅದನ್ನು ಕಾಕಾ ಓದಿರಲಿಲ್ಲವೆಂದು ಹೇಳಲಾರೆ. ಓದಿಯೂ ಕೋತಿಯ ಪಕ್ಷವನ್ನೇ ವಹಿಸಿದ್ದರೆಂದು ತೋರುತ್ತದೆ. ಏಕೆಂದರೆ ಮೇಲೆ ಹೇಳಿದ ಬೀಗರ ಬೋಳುತಲೆಯನ್ನು ನೊಣವೊಂದು ಆಶ್ರಯಿಸಿದಾಗ ದಂಡನಾಯಕರು ಹಿಂದುಮುಂದು ನೋಡಲಿಲ್ಲ. ನೊಣಕ್ಕೆ ಸಾವಿರಾರು ಮಸೂರಗಳುಳ್ಳ ಕಣ್ಣು. ನಮ್ಮ ಕೈ ಏಳುವುದು ಅದಕ್ಕೆ ಬಹು ನಿಧಾನವಾಗಿ ಏಳುವಂತೆ ಕಾಣುತ್ತದೆ. ಅದು ಪಾರಾಯಿತು. ಬೀಗರ ಕಣ್ಣುಗಳಿಗೆ ಆ ಸೌಕರ್ಯವಿರಲಿಲ್ಲ. ‘ಶಿವಾ’ ಎಂದು ಅವರು ಎದ್ದ ರಭಸಕ್ಕೆ ಎಣ್ಣೆಗಾಯಿಯ ಬೋಗುಣಿ ಮಗುಚಿತು. ಸಂಬಂಧ ಮುರಿಯಲಿಲ್ಲವಾದರೂ ಮುಂದಿನ ವರ್ಷ ಅವರು ತಮ್ಮ ಪಾಲಿನ ಚರಗದ ಬುತ್ತಿಯನ್ನು ಮನೆಗೇ ತರಿಸಿಕೊಂಡರು.

ಆದರೂ ಕಾಕಾ ಅವರನ್ನು ನೋಡಿ ನಗುವವರು ಚರಿತ್ರೆಯನ್ನು ಸ್ವಲ್ಪ ಅವಲೋಕಿಸಬೇಕು. ದೇವರಿಗೂ ದೊರೆಗೂ ಇಕ್ಕೆಲಗಳಲ್ಲಿ ಬೀಸುವ ಚಾಮರವು ಮೂಲತಃ ನೊಣ ಓಡಿಸುವ ಸಾಧನವೇ ಅಲ್ಲವೆ? ಕ್ರಿ.ಶ. 81ರಿಂದ 96ರವರೆಗೆ ರೋಮನ್ ಸಾಮ್ರಾಜ್ಯವನ್ನಾಳಿದ ಡೊಮಿಷಿಯನ್ ಚಕ್ರವರ್ತಿ, ಪಟ್ಟಕ್ಕೆ ಬಂದ ಹೊಸತರಲ್ಲಿ ದಿನವೂ ಏಕಾಂತದಲ್ಲಿ ಕುಳಿತು ನೊಣಗಳನ್ನು ಹಿಡಿದು ಬರೆಯುವ ಕಂಟದ ಮೊನೆಯಿಂದ ಚುಚ್ಚುತ್ತಿದ್ದನೆಂದು ಚರಿತ್ರಕಾರ ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ. ದೊರೆಯ ಬಳಿ ಒಳಗೆ ಯಾರಿದ್ದಾರೆಂದು ಕೇಳಿದವರಿಗೆ ಒಬ್ಬ ಆಸ್ಥಾನಿಕನು, ನೊಣ ಕೂಡ ಇಲ್ಲವೆಂದು ಹೇಳಿದನಂತೆ. ಈಜಿಪ್ಟಿನವರದು ಇನ್ನೂ ಒಂದು ಹೆಜ್ಜೆ ಮುಂದೆ. 1859ರಲ್ಲಿ ಅಲ್ಲಿನ ರಾಣಿ ಅಹ್‌ಹೋತೆಪ್‌ಳ ಸಮಾಧಿಯಲ್ಲಿ ಬಂಗಾರದ ಮೂರು ನೊಣಗಳುಳ್ಳ ಕಂಠಾಭರಣ ಸಿಕ್ಕಿತು. ಎಷ್ಟು ಅಟ್ಟಿದರೂ ಹಿಂದಿರುಗಿ ಬರುವ ಛಲಕ್ಕಾಗಿ ಆ ಜನ ತಮ್ಮ ಯೋಧರಿಗೆ ನೊಣವನ್ನೇ ಪದಕವಾಗಿ ಕೊಡುತ್ತಿದ್ದರಂತೆ. ಈ ವಿಷಯವನ್ನು ನಾನು ಕಾಕಾ ಅವರಿಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. ಪದಕವನ್ನು ವೈರಿಯ ಕಡೆಯವರಿಗೆ ಕೊಟ್ಟದ್ದು ಅನ್ಯಾಯವೆಂದು ಅವರ ಅಭಿಪ್ರಾಯ.

ನೊಣಗಳನ್ನು ಅವರು ಮೂರು ಭಾಷೆಗಳಲ್ಲಿ ಬಯ್ಯುತ್ತಾರೆ: ಅಡಿಗೆಯ ಹತ್ತಿರ ಕನ್ನಡ, ಕೂಲಿಯಾಳುಗಳು ಇದ್ದರೆ ತೆಲುಗು, ಕಂದೂರಿಯಲ್ಲಿ ಉರ್ದು. ನಮ್ಮ ಸೀಮೆಯ ಚರಿತ್ರೆ ಅಂಥದು. ನಿಜಾಮರ ಕಾಲದಲ್ಲಿ ಗದ್ವಾಲವೂ ಆಲಂಪುರವೂ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರಿಗೆ ಹೋಯಿತು, ಇವು ಆಂಧ್ರಪ್ರದೇಶದ ಮಹಬೂಬನಗರಕ್ಕೆ ಬಂದವು. 2014ರಲ್ಲಿ ರಾಜ್ಯ ಬದಲಾಗಿ ತೆಲಂಗಾಣವಾಯಿತು. 2019ರ ಫೆಬ್ರವರಿ 17ರಂದು ಜಿಲ್ಲೆ ಬದಲಾಗಿ ನಾವು ನಾರಾಯಣಪೇಟೆಯವರಾದೆವು. ಕೃಷ್ಣಾ ಸೇತುವೆಯ ಆಚೆ ಒಂದು ಸರಕಾರ, ಈಚೆ ಒಂದು. ಹೆಚ್ಚಾದ ನೊಣಗಳೆಲ್ಲ ಆಚೆಯ ದಂಡೆಯಿಂದ ಬಂದವೆಂದು ಕಾಕಾ ನಂಬಿದ್ದಾರೆ. ಆಚೆಯ ದಂಡೆಯವರ ನಂಬಿಕೆಯೇನೆಂದು ವಿಚಾರಿಸಿದೆ, ಹೆಚ್ಚು ವ್ಯತ್ಯಾಸವಿಲ್ಲ.

ಈ ವಾದಕ್ಕೆ ಸಾರ್ವಜನಿಕವಾಗಿ ಪ್ರತಿವಾದ ಹೂಡಿದವರು ಒಬ್ಬರೇ: ಕಾಕಿ. ಅಡಿಗೆ ಮುಗಿದೊಡನೆ ಅವರು ತಮ್ಮ ಹಳೆಯ ನಾರಾಯಣಪೇಟೆ ಸೀರೆಯನ್ನು, ಒಗೆದು ಒಗೆದು ಜಾಳಾದ ಚೌಕಳಿಯ ಹತ್ತಿ ಸೀರೆಯನ್ನು, ಬುಟ್ಟಿ ಗಡಿಗೆಗಳ ಮೇಲೆ ಉದ್ದಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ, ಬಡಿಸುವಾಗ ಬೇಕಾದಷ್ಟೇ ಸೆರಗನ್ನು ಎತ್ತುತ್ತಾರೆ. ಊರಿನ ಭೋಜನಗಳಲ್ಲಿ ಅನ್ನವನ್ನು ನಿಜವಾಗಿ ರಕ್ಷಿಸಿದ್ದು ಈ ಸೀರೆಯೆಂಬುದು ಎಲ್ಲರಿಗೂ ಗೊತ್ತು. ಆದರೆ ಸದ್ದಿಲ್ಲದೆ ನಡೆಯುವ ಕಾರ್ಯಕ್ಕೆ ಕೀರ್ತಿ ಎಲ್ಲಿಯದು? ಒಮ್ಮೆ ಬೋರ್‌ವೆಲ್ಲಿನ ಕರೆಂಟು ಎಳೆದು ಹುಡುಗರು ನಿಲುವು ಫ್ಯಾನೊಂದನ್ನು ತಿರುಗಿಸಿಟ್ಟಾಗ ಪಂಕ್ತಿಯ ಬಳಿ ಒಂದು ನೊಣವೂ ಸುಳಿಯಲಿಲ್ಲ. ನೊಣದ ಹಾರಾಟ ಗಂಟೆಗೆ ಸುಮಾರು 7 ಕಿಲೋಮೀಟರು. ಫ್ಯಾನಿನ ಗಾಳಿಗೆದುರಾಗಿ ಅದು ಈಜಲಾರದು. ಕಾಕಾ ಆ ಫ್ಯಾನನ್ನು ಅರ್ಧ ಗಂಟೆ ಸಹಿಸಿದರು. ಆಮೇಲೆ, ಗಾಳಿಗೆ ಅನ್ನ ತಣ್ಣಗಾಗುತ್ತದೆಂಬ ಕಾರಣವನ್ನು ಹೇಳಿ ತಾವೇ ಹೋಗಿ ಆರಿಸಿಬಂದರು.

ಆ ದಿನವೇ ಕಾಕಿ, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: “ಹೊಳಿ ಆಚಿಂದ ಯಾಕ ಬರ್ತಾವ್ರೀ? ನಿಮ್ಮ ಕಾಕಾನ ತಿಪ್ಪಿ ಮ್ಯಾಲ ಹುಟ್ಟಿದ ನೊಣ ಇವು. ಬಂಡಿ ಹಿಂದೇ ಬಂದಾವ. ಸಾಕಿದ ಧಣಿ ಮುಖ ಮರಿತಾವೇನು?”

ಮಾತು ಅಕ್ಷರಶಃ ಸತ್ಯ. ಕಾಕಾ ಅವರ ಹಿತ್ತಲಿನ ತಿಪ್ಪೆ ಊರಿಗೇ ಹಿರಿದು. ನಾಲ್ಕು ಎತ್ತು, ಎರಡು ಎಮ್ಮೆಗಳ ಸಗಣಿ ಅಲ್ಲಿಗೇ ಬೀಳುತ್ತದೆ. ಹೆಣ್ಣು ನೊಣ ಒಂದು ಸಲಕ್ಕೆ 100ರಿಂದ 150 ಮೊಟ್ಟೆಗಳನ್ನಿಡುವುದು ಇಂಥ ಹಸಿ ಸಗಣಿಯಲ್ಲೇ. ಒಂದು ದಿನದೊಳಗೆ ಮೊಟ್ಟೆಯೊಡೆದು ಹುಳು, ಬೇಸಿಗೆಯಾದರೆ ಹೆಚ್ಚುಕಡಮೆ ಹತ್ತು ದಿನದಲ್ಲಿ ರೆಕ್ಕೆಯುಳ್ಳ ನೊಣ. ಟವೆಲ್ಲಿನ ಒಂದು ಏಟಿಗೆ ಒಂದು ಬಿದ್ದರೆ ಹಿತ್ತಲಿನಲ್ಲಿ ನೂರು ಏಳುತ್ತಿದ್ದವು. ಇಷ್ಟು ವರ್ಷ ಈ ವಿಷಯ ದಂಡನಾಯಕರಿಗೆ ತಿಳಿಯದಿದ್ದುದು ಹೇಗೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ತಿಳಿದಿತ್ತು, ಆದರೆ ತೊಟ್ಟಿಲಲ್ಲಿ ಮಲಗಿದ ಶಿಶುಗಳ ಮೇಲೆ ಕೈಮಾಡುವುದು ಕ್ಷಾತ್ರಧರ್ಮವಲ್ಲ.

ಆ ಧರ್ಮವನ್ನು ತಮ್ಮನ ಮಗ ಗಣಿಸಲಿಲ್ಲ. ಸಗಣಿಯನ್ನು ಮುಚ್ಚಿದ ಗುಂಡಿಯಲ್ಲಿ ಹುದುಗಿಸಿ ಒಲೆಗೆ ಉರಿ ತೆಗೆಯುವ ಗೋಬರ್ ಗ್ಯಾಸನ್ನು ಸರಕಾರ 1981-82ರಿಂದ ದೇಶದಾದ್ಯಂತ ಪ್ರಚಾರ ಮಾಡುತ್ತ ಬಂದಿದ್ದರೂ ನಮ್ಮ ಓಣಿಗೆ ಅದು ಬಂದದ್ದು ಈ ಹುಡುಗನ ಹಟದಿಂದ. ತಿಪ್ಪೆ ಕರಗಿತು. ಕಾಕಿಯ ಒಲೆಯಲ್ಲಿ ನೀಲಿ ಉರಿ ಎದ್ದಿತು. ಮುಂದಿನ ಪುಷ್ಯಮಾಸದಲ್ಲಿ ಸೀತನಿಗೆಂದು ಹೊಲಕ್ಕೆ ಹೋದಾಗ, ಬಿಸಿಲು ಏರಿ ನೊಣಗಳು ಚುರುಕಾಗಬೇಕಾದ ಹೊತ್ತು ಮೀರಿದರೂ ಲೆಕ್ಕಕ್ಕೆ ಸಿಕ್ಕುವಷ್ಟೇ ನೊಣಗಳು ಬಂದವು. ಕಾಕಾ ಟವೆಲ್ಲನ್ನು ಒಮ್ಮೆ ಎಡ ಹೆಗಲಿಗೆ, ಒಮ್ಮೆ ಬಲ ಹೆಗಲಿಗೆ ಬದಲಿಸುತ್ತ, ಕುಳಿತವರ ಬೆನ್ನ ಹಿಂದೆ ಅಡ್ಡಾಡಿದರು. ಯಾರೋ ಅವರನ್ನು ಊಟಕ್ಕೆ ಕರೆದರು. ಅಂಥ ಆಹ್ವಾನ ಅವರಿಗೆ ಹೊಸದು. ಒಂದು ತೆನೆ ಕೈಗೆ ತೆಗೆದುಕೊಂಡು, ಏನು ಮಾಡಬೇಕೆಂದು ತೋರದವರಂತೆ ಅದನ್ನು ತಿರುವಿ ತಿರುವಿ ನೋಡಿದರು.

ಅಷ್ಟರಲ್ಲಿ ಗಾಳಿ ತಿರುಗಿ ಕುಳ್ಳಿನ ಹೊಗೆ ಪಂಕ್ತಿಯ ಕಡೆಗೆ ಬಂತು. ಕಾಕಾ ಅವರ ಬೆನ್ನು ನೆಟ್ಟಗಾಯಿತು. “ಏ ತಮ್ಮಾ, ಹೊಗಿ ಬರ್ಲಕತ್ಯಾದ! ಹೊಗಿ ಕುಡದ್ರ ಎದಿಗಿ ಏನಾಗ್ತದ ಗೊತ್ತದೇನು? ಬೇವಿನ ತಪ್ಪಲ ಮುರಕೊಂಡು ಬರ್ರಿ, ನಾಕ್ ಮಂದಿ!” ಹೊಗೆ ಎದೆಗೆ ಮಾಡುವ ಹಾನಿಯನ್ನು ಕುರಿತು ಉಪನ್ಯಾಸವೂ ಆರಂಭವಾಯಿತು, ಉಣ್ಣುವವರು ತೆನೆಯನ್ನು ಕೆಳಗಿಟ್ಟರು. ನಾಲ್ವರು ಹುಡುಗರು ಟೊಂಗೆ ಹಿಡಿದು, ಕಾಕಾ ಟವೆಲ್ಲು ಹಿಡಿದು, ಹೊಗೆಯನ್ನು ಬದುವಿನವರೆಗೆ ಬೀಸಿಕೊಂಡು ಹೋದರು. ಬದುವಿನ ಆಚೆ, ಪಕ್ಕದ ಹೊಲದವರ ಕಾಕಾ ತಮ್ಮ ಟವೆಲ್ಲನ್ನು ಬಿಚ್ಚಿ, ಐದು ಹುಡುಗರೊಡನೆ ನಿಂತು, ಅದೇ ಹೊಗೆಯನ್ನು ಈಚೆಗೆ ಬೀಸುತ್ತಿದ್ದರು.