ಯಾರು ಹೊಡೆದ ತೂತು ಇದು?

ಹರಿಹರದ ಸುತ್ತಮುತ್ತಲ ಹಳ್ಳಿಗಳಲ್ಲಿ ಒಬ್ಬ ‘ಕಿರ್ಲೋಸ್ಕರ್ ಅಜ್ಜ’ ಇದ್ದೇ ಇರುತ್ತಾರೆ. 1941ರಲ್ಲಿ ಹರಿಹರದಲ್ಲಿ ಹುಟ್ಟಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಎರಡು ದಶಕ ದಾಟಿತು. ಅಜ್ಜಂದಿರ ಕಿವಿಯಲ್ಲಿ ಮಾತ್ರ ಸೈರನ್ ಇನ್ನೂ ನಿಂತಿಲ್ಲ. ಮಧ್ಯಾಹ್ನದ ರೊಟ್ಟಿ ಹತ್ತು ನಿಮಿಷ ತಡವಾದರೆ ಸೊಸೆಗೆ ಲೇಟ್ ಮಾರ್ಕ್.

ಕೊಂಡಜ್ಜಿಯ ನಮ್ಮ ಅಜ್ಜ ಟರ್ನರ್. ಬೇರೆಯವರು ಪೆನ್ನು ಸಿಗಿಸುವ ಜೇಬಿನಲ್ಲಿ ಅವರದು ವರ್ನಿಯರ್. ದಾವಣಗೆರೆಗೆ ಹೋದರೆ ಬೆಣ್ಣೆ ದೋಸೆಯನ್ನೂ ಅಂಚು ಎತ್ತಿ ನೋಡಿಯೇ ತಿನ್ನುವುದು. ‘ಈ ಕಡೆ ಅರ್ಧ ಎಂಎಂ ದಪ್ಪ ಐತಿ.’ ಭಟ್ಟನಿಗೆ ಅರ್ಥವಾಗುವುದಿಲ್ಲ, ಪುಣ್ಯಕ್ಕೆ.

ನಮ್ಮ ಹಳೇ ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿದಾಗ ಸೈಲೆನ್ಸರ್ ಮ್ಯಾನಿಫೋಲ್ಡಿನ ಸ್ಟಡ್ ಒಂದು ಹೆಡ್ಡಿನೊಳಗೇ ಮುರಿಯಿತು. ಪಂಚ್ ಹೊಡೆಯದೆ ಡ್ರಿಲ್ ಇಟ್ಟದ್ದು ತಪ್ಪಾಯಿತು. ಸ್ಟಡ್ಡಿನ ಉಕ್ಕು ಗಟ್ಟಿ, ಹೆಡ್ಡಿನ ಬೀಡು ಮೆತ್ತಗೆ. ಬಿಟ್ ಜಾರಿ ಮೆತ್ತಗಿದ್ದ ಕಡೆಗೇ ಹೊರಟಿತು. ಕೊನೆಗೆ ನೋಡಿದರೆ ತೂತು ಹುಣಸೆ ಬೀಜದ ಹಾಗಿತ್ತು. ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ಹೆಣ ಹೊತ್ತಂತೆ ಹೊತ್ತು ಅಜ್ಜನ ಶೆಡ್ಡಿಗೆ ಹೋದೆ.

‘ಯಾರು ಹೊಡೆದ ತೂತು ಇದು?’

‘ಮೊದಲಿನ ಓನರು ಅಜ್ಜಾ.’

ಅಜ್ಜ ತಂತಿ ಇಳಿಬಿಟ್ಟು ಆಳ ನೋಡಿದರು. ‘ಇನ್ನೊಂಚೂರು ಒಳಗೆ ಹೋಗಿದ್ರೆ ನೀರಿನ ಜಾಗಕ್ಕೆ ತೂತು ಬೀಳ್ತಿತ್ತು.’ ಕನ್ನಡಕ ಏರಿಸಿ ಮತ್ತೆ ಬಗ್ಗಿದರು. ‘ಹೊಡೆದೋನಿಗೆ ಭಾಳ ಅವಸರ ಇತ್ತು. ಡ್ರಿಲ್ ಹೊಸದು, ಬಿಟ್ ಸಂತೇದು. ಮತ್ತೆ, ಅವನು ಎಡಚ.’

ನಾನು ಚಹಾದ ಲೋಟವನ್ನು ಬಲಗೈಗೆ ದಾಟಿಸಿಕೊಂಡೆ.

ರಿಪೇರಿಗಿಂತ ಭಾಷಣ ಉದ್ದ. ತೂತನ್ನು 14 ಎಂಎಂಗೆ ದೊಡ್ಡದು ಮಾಡಿ ಎಂ16 ಟ್ಯಾಪ್ ಹಾಕಿ, ಲೇತಿನಲ್ಲಿ ಅದಕ್ಕೊಂದು ಪ್ಲಗ್ ತಿರುವಿ, ಅಂಟು ಸವರಿ ಕೂರಿಸಿ, ಮಟ್ಟಕ್ಕೆ ಅರದಿಂದ ಉಜ್ಜಿದರು. ಸೆಂಟರ್ ಹುಡುಕಲು ಅಳತೆಪಟ್ಟಿ ಮುಟ್ಟಲೇ ಇಲ್ಲ. ಮ್ಯಾನಿಫೋಲ್ಡನ್ನೇ ಉಳಿದ ಸ್ಟಡ್ಡುಗಳಿಗೆ ಬಿಗಿದು, ಅದರ ತೂತಿಗೊಂದು ಬುಶ್ ತುರುಕಿ, ಬುಶ್ಶಿನ ಮೂಲಕವೇ 8.5 ಎಂಎಂ ಡ್ರಿಲ್ ಇಳಿಸಿದರು. ಇನ್ನು ಅಡ್ಡ ಹೋಗು ಅಂದರೂ ಅದು ಹೋಗುವಂತಿಲ್ಲ. ಆಮೇಲೆ ಎಂ10 ಟ್ಯಾಪ್, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪ್ರತಿ ಸುತ್ತಿಗೂ ‘ನಮ್ಮ ಕಂಪನ್ಯಾಗೆ...’ ಎಂದು ಒಂದು ಕಥೆ. ಕಥೆ ಮುಗಿಯುವವರೆಗೆ ಹ್ಯಾಂಡಲ್ ತಿರುಗುವುದಿಲ್ಲ. ಕೆರೆ ಏರಿಯ ಮೇಲೆ ಸ್ಕೌಟ್ ಕ್ಯಾಂಪಿನ ಮಕ್ಕಳು ಹೋಗುವಾಗಲೂ ಹಾಡಿದರು, ಬರುವಾಗಲೂ ಹಾಡಿದರು. ನಾವಿನ್ನೂ ಆರನೇ ಸುತ್ತಿನಲ್ಲಿದ್ದೆವು.

ಹೊಸ ಸ್ಟಡ್ ಕೈಯಲ್ಲೇ ತಿರುಗಿ, ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

‘ಎಷ್ಟಾಯ್ತು ಅಜ್ಜಾ?’

‘ರೊಕ್ಕ ಬ್ಯಾಡ. ಆ ಮೊದಲಿನ ಓನರ್ ಸಿಕ್ಕರೆ, ಅವನ ಡ್ರಿಲ್ ಮಷಿನ್ ತಂದು ಇಲ್ಲಿಡಾಕೆ ಹೇಳು.’

ಟ್ರ್ಯಾಕ್ಟರ್ ಈಗ ಚೆನ್ನಾಗಿ ಓಡುತ್ತಿದೆ. ನನ್ನ ಡ್ರಿಲ್ ಮಷಿನ್ ಅಜ್ಜನ ಮನೆಯ ಅಟ್ಟದ ಮೇಲಿದೆ.