ಹಸಿರು ಹುಡುಕಿ ಘಟ್ಟ ಹತ್ತುವ ಗೆಳೆಯರಿಗೊಂದು ಬಹಿರಂಗ ಪತ್ರ

ಚಳಿಗಾಲ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಮಲೆನಾಡಿನ ದಾರಿ ಹಿಡಿಯುವ ಗೆಳೆಯರೆ,

ನಿಮ್ಮಲ್ಲಿ ಕೆಲವರು ಇನ್ನೂ ಫಿಲ್ಮ್ ಬಳಸುತ್ತೀರಿ. ಅದರಲ್ಲೂ ಕೆಲವರು ಇನ್‌ಫ್ರಾರೆಡ್ ಕಪ್ಪು-ಬಿಳುಪು ಫಿಲ್ಮನ್ನು ದುಬಾರಿ ಬೆಲೆ ಕೊಟ್ಟು ಹೊರದೇಶದಿಂದ ತರಿಸಿಕೊಂಡು, ಡಿಸೆಂಬರಿಗೆಂದೇ ಫ್ರಿಜ್ಜಿನಲ್ಲಿ ಜೋಪಾನ ಮಾಡಿರುತ್ತೀರಿ. ರಜೆ ಸಿಕ್ಕ ಕೂಡಲೇ ಕೊಡಗು, ಚಿಕ್ಕಮಗಳೂರು, ಆಗುಂಬೆ. ಹಂಪಿಗೆ ಹೊರಟವರು ಹಿರಿಯೂರಿನಲ್ಲಿ ಬಳ್ಳಾರಿ ರಸ್ತೆಗೆ ಹೊರಳಿ ನಮ್ಮ ಚಳ್ಳಕೆರೆಯ ಮೇಲೆಯೇ ಹಾದು ಹೋಗುತ್ತೀರಿ. ಕಾರಿನ ಗಾಜು ಇಳಿಯುವುದಿಲ್ಲ. ಯಾರಾದರೂ ಚಹಾಕ್ಕೆ ನಿಂತಾಗ ಮಾತಿಗೆ ಸಿಕ್ಕರೆ, "ಈ ಬಯಲಲ್ಲಿ ತೆಗೆಯೋಕೆ ಏನಿದೆ ಸಾರ್?" ಎನ್ನುತ್ತೀರಿ. ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸಲಾಗದು. ಅದಕ್ಕೇ ಈ ಪತ್ರ.

ನೀವು ಘಟ್ಟಕ್ಕೆ ಒಯ್ಯುವ ಫಿಲ್ಮು ನಮ್ಮ ಬಯಲುಸೀಮೆಗೆಂದೇ ಮಾಡಿಸಿದ ಹಾಗಿದೆ. ಇದು ಊರಿನ ಅಭಿಮಾನದ ಮಾತಲ್ಲ, ಬೆಳಕಿನ ಲೆಕ್ಕ.

ಮಲೆನಾಡಿನ ಚಳಿಗಾಲದ ಬೆಳಗು ಎಂದರೆ ಮಂಜು. ಇನ್‌ಫ್ರಾರೆಡ್ ಫಿಲ್ಮು ಮಂಜನ್ನು ಸೀಳಿಕೊಂಡು ನೋಡುತ್ತದೆ ಎಂಬ ನಂಬಿಕೆ ಫೋಟೋಗ್ರಾಫರುಗಳಲ್ಲಿ ಬಲವಾಗಿದೆ. ಅದು ಸೀಳುವುದು ದೂರದ ಬೆಟ್ಟದ ಮೇಲೆ ಕೂತ ನೀಲಿ ಮಬ್ಬನ್ನು ಮಾತ್ರ. ಆ ಮಬ್ಬು ಗಾಳಿಯ ಅಣುಗಳಿಂದ, ತೀರಾ ಸಣ್ಣ ಕಣಗಳಿಂದ ಚದುರಿದ ಬೆಳಕು. ನೀಲಿ ಹೆಚ್ಚು ಚದುರುತ್ತದೆ, ಕೆಂಪಿನಾಚೆಯ ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕು ಬಹಳ ಕಡಿಮೆ. ಮಂಜಿನ ಹನಿಯ ಕಥೆ ಬೇರೆ. ಅದು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ನೀಲಿ, ಕೆಂಪು, ಅವಕೆಂಪು ಎಂದು ನೋಡದೆ ಎಲ್ಲವನ್ನೂ ಒಂದೇ ಸಮ ಚದುರಿಸಿಬಿಡುತ್ತದೆ. ಕಾಫಿ ತೋಟದ ಮಂಜಿನಲ್ಲಿ ಸುಟ್ಟ ಇನ್‌ಫ್ರಾರೆಡ್ ರೋಲು ಬೂದು ಬೂದಾಗಿ ಬರುವುದು ಇದರಿಂದ. ಸಾಮಾನ್ಯ ಫಿಲ್ಮು ಅಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡೀತು.

ಈ ಫಿಲ್ಮಿಗೆ ಬೇಕಾದ್ದು ನೇರ ಬಿಸಿಲು, ಒಣ ಗಾಳಿ, ತೊಳೆದ ಆಕಾಶ. ಹಿಂಗಾರು ಮುಗಿದ ಮೇಲೆ, ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಈ ಮೂರೂ ನಮ್ಮಲ್ಲಿ ಒಟ್ಟಿಗೆ ಸಿಗುವ ದಿನಗಳೇ ಹೆಚ್ಚು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಸೇರಿವೆ. ರೈತನಿಗೆ ಶಾಪವಾದ ಆ ಖಾಲಿ ಆಕಾಶ ನಿಮ್ಮ ನೆಗೆಟಿವ್ ಮೇಲೆ ಏನೂ ಮೂಡಿಸುವುದಿಲ್ಲ. ಪ್ರಿಂಟಿನಲ್ಲಿ ಮಸಿಯಷ್ಟು ಕಪ್ಪಾಗಿ ನಿಲ್ಲುತ್ತದೆ. ಇನ್ನು ಸೂರ್ಯ. ಡಿಸೆಂಬರ್ 21ರ ನಡು ಮಧ್ಯಾಹ್ನ ಲಂಡನ್ನಿನಲ್ಲಿ ಅವನು ದಿಗಂತದಿಂದ ಮೇಲೇರುವುದು 15 ಡಿಗ್ರಿ, ಚಳ್ಳಕೆರೆಯಲ್ಲಿ 52. ಯುರೋಪಿನವರು ಬೋಳು ಮರಗಳ ನಡುವೆ ಸಣ್ಣ ಬಿಸಿಲಿಗೆ ಕಾದು ಕೂತು ತೆಗೆದ ಚಿತ್ರಗಳನ್ನು ಮೆಚ್ಚಿಕೊಂಡು, ಅವರ ಪುಸ್ತಕದ ಎಕ್ಸ್‌ಪೋಶರ್ ಪಟ್ಟಿಯನ್ನೇ ಇಲ್ಲಿಗೂ ತರುತ್ತೀರಿ. ನಮ್ಮ ಬಿಸಿಲಿಗೆ ಆ ಪಟ್ಟಿ ಹೊಂದುವುದಿಲ್ಲ.

ಎಲೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಸೀಮೆಯ ಮಾನ ಇರುವುದು ಅದರಲ್ಲೇ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಅವಕೆಂಪು ಬೆಳಕಿನ ಚಿತ್ರಗಳನ್ನು ಪ್ರಕಟಿಸಿದಾಗ ಜನ ಬೆರಗಾದದ್ದು ಮರಗಳ ಬಿಳುಪು ಕಂಡು. ಆ ಬಿಳುಪು ಎಲೆಯ ಹಸಿರು ಬಣ್ಣವಾದ ಹರಿತ್ತಿನದು ಎಂದು ಈಗಲೂ ಹಲವರು ತಿಳಿದಿದ್ದಾರೆ. ಹರಿತ್ತು ಕೆಂಪು, ನೀಲಿಯನ್ನು ನುಂಗುತ್ತದೆ. ಅವಕೆಂಪನ್ನು ತಡೆಯದೆ ಒಳಗೆ ಬಿಡುತ್ತದೆ, ಅಷ್ಟೇ. ಅದನ್ನು ಹಿಂದಕ್ಕೆ ಕಳಿಸುವುದು ಎಲೆಯೊಳಗಿನ ಸ್ಪಂಜಿನಂಥ ಪದರ. ಜೀವಕೋಶದ ಗೋಡೆಗೂ ನಡುವಿನ ಗಾಳಿಗೂ ಬಡಿದು ಬಡಿದು ಬೆಳಕು ಹೊರಬೀಳುತ್ತದೆ, ಬಿದ್ದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಹುಲ್ಲು ಒಣಗಿ ಹರಿತ್ತು ಹೋದ ಮೇಲೂ ಈ ಗುಣ ಪೂರ್ತಿ ಅಳಿಯುವುದಿಲ್ಲ. ಡಿಸೆಂಬರಿನಲ್ಲಿ ಕಣ್ಣಿಗೆ ಹಳದಿ ಕಸದಂತೆ ಕಾಣುವ ಕರಡದ ಹುಲ್ಲು ನಿಮ್ಮ ಫಿಲ್ಮಿನ ಮೇಲೆ ತಿಳಿ ಬೂದಾಗಿ ಹೊಳೆಯುತ್ತದೆ. ಎರೆ ಹೊಲದ ಪಕ್ಕದಲ್ಲಿ ನಿಂತು ತೆಗೆದರೆ ಕಪ್ಪು ಮಣ್ಣು, ಬೆಳ್ಳನೆ ಹುಲ್ಲು, ನಡುವೆ ಗೆರೆ ಕೊರೆದಷ್ಟು ಸ್ಪಷ್ಟ. ಕೆಂಪು ನೆಲದಲ್ಲಿ ಹೀಗೆ ಬರುವುದಿಲ್ಲ. ಕೆಮ್ಮಣ್ಣೂ ಈ ಬೆಳಕನ್ನು ಸಾಕಷ್ಟು ಹಿಂದಿರುಗಿಸುವುದರಿಂದ ಹುಲ್ಲು ಅದರಲ್ಲಿ ಬೆರೆತುಹೋಗುತ್ತದೆ. ಜಾಗ ಆರಿಸುವಾಗ ಮಣ್ಣು ನೋಡಿ.

ಮರಗಳೂ ಇವೆ, ನೀವು ಕಣ್ಣು ಹಾಯಿಸಿದರೆ. ಬೇವು, ಹೊಂಗೆ ಎಲೆ ಉದುರಿಸುವುದು ಫೆಬ್ರವರಿ-ಮಾರ್ಚಿನಲ್ಲಿ. ಜನವರಿಯಲ್ಲಿ ಅವು ಇನ್ನೂ ತುಂಬಿಕೊಂಡಿರುತ್ತವೆ. ಹುಣಸೆ ಕಾಯಿ ಹೊತ್ತು ನಿಂತಿರುತ್ತದೆ. ಮೊಳಕಾಲ್ಮುರು ಕಡೆಯ ಗುಡ್ಡಗಳಿಗೆ ಹೋದರೆ ಎಲೆ ಉದುರಿಸಿ ಬೋಳಾಗುತ್ತಿರುವ ಮರಗಳ ಮಗ್ಗುಲಲ್ಲೇ ಹಸಿರು ಬಿಡದ ಪೊದೆಗಳು. ಕಪ್ಪು ಕೊಂಬೆ, ಬಿಳಿ ಪೊದೆ, ಹಿಂದೆ ಬೂದು ಬಂಡೆ. ಚಳಿಗಾಲದ ಕಾಡು ಎಂದು ನೀವು ಎಲ್ಲೆಲ್ಲೋ ಹುಡುಕುವುದು ಇದನ್ನೇ ಅಲ್ಲವೆ? ಬ್ರಹ್ಮಗಿರಿಯ ಅಕ್ಷರಗುಂಡು, ಜಟಿಂಗ ರಾಮೇಶ್ವರ ಬೆಟ್ಟದ ಬಳೆಗಾರ ಗುಂಡು ನೋಡಲು ಇತಿಹಾಸದ ಮೇಷ್ಟ್ರುಗಳು ಬರುತ್ತಾರೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದರು. ಬಂಡೆಯ ಅಕ್ಷರ ಓದಲು ಇಷ್ಟು ಜನ ಬಂದರು. ಬಂಡೆಯ ಸುತ್ತ ಬೆಳೆದ ಗಿಡಗಳ ಚಿತ್ರ ತೆಗೆಯಲು ಒಬ್ಬರಾದರೂ ಬನ್ನಿ.

ಕರಿಜಾಲಿಯೊಂದನ್ನು ಹತ್ತಿರದಿಂದ ತೆಗೆದು ನೋಡಿ. 720 ನ್ಯಾನೋಮೀಟರಿನ ಕಡುಗೆಂಪು ಫಿಲ್ಟರು ಹಾಕಿದರೆ ವ್ಯೂಫೈಂಡರಿನಲ್ಲಿ ಏನೂ ಕಾಣದು. ಮೊದಲು ಟ್ರೈಪಾಡ್ ನಿಲ್ಲಿಸಿ, ಚೌಕಟ್ಟು ಕಟ್ಟಿ, ಫೋಕಸ್ ಮಾಡಿ. ಹಳೇ ಲೆನ್ಸಾದರೆ ಫೋಕಸಿನ ಅಂಕಿಯನ್ನು ಕೆಂಪು ಗುರುತಿಗೆ ತಿರುಗಿಸಿ, ಆಮೇಲೆ ಫಿಲ್ಟರು ಹಾಕಿ. 400 ವೇಗದ ರೋಲೈ ಇನ್‌ಫ್ರಾರೆಡ್ ಫಿಲ್ಮಿನ ವೇಗ ಆಗ 12ಕ್ಕೋ 6ಕ್ಕೋ ಇಳಿಯುತ್ತದೆ. ಎಫ್/11ರಲ್ಲಿ ಎಂಟನೇ ಒಂದು ಸೆಕೆಂಡಿನಿಂದ ಶುರು ಮಾಡಿ, ಮೇಲೊಂದು ಕೆಳಗೊಂದು ತೆಗೆಯಿರಿ. ಕ್ಯಾಮೆರಾದ ಮೀಟರನ್ನು ನಂಬಬೇಡಿ, ಅದಕ್ಕೆ ಈ ಬೆಳಕಿನ ಪರಿಚಯವಿಲ್ಲ. ಅಷ್ಟು ಹೊತ್ತಿನಲ್ಲಿ ಸಣ್ಣ ಗಾಳಿ ಬಂದರೂ ಜಾಲಿಯ ಕಿರಿದಾದ ಎಲೆಗಳು ಅಲ್ಲಾಡಿಬಿಡುತ್ತವೆ. ಮುಳ್ಳು ಅಲ್ಲಾಡುವುದಿಲ್ಲ. ಪ್ರಿಂಟಿನಲ್ಲಿ ಎಲೆಯೆಲ್ಲ ಬಿಳಿ ಹೊಗೆಯ ಹಾಗೆ ಕಲಸಿಕೊಂಡು, ಅದರೊಳಗೆ ಜೋಡಿ ಜೋಡಿ ಮುಳ್ಳುಗಳು ಸೂಜಿಯಷ್ಟು ಚೂಪಾಗಿ ನಿಂತಿರುತ್ತವೆ. ಮಲೆನಾಡಿನ ಯಾವ ಮರವೂ ಇಂಥ ಚಿತ್ರ ಕೊಡಲಾರದು.

ಈಗ ನನ್ನ ಮನಸ್ಸನ್ನು ಬಹಳ ದಿನದಿಂದ ಕುಟುಕುತ್ತಿರುವ ಮಾತಿಗೆ ಬರುತ್ತೇನೆ.

ನೀವು ಹಿಡಿಯುವ ಇದೇ ಬೆಳಕಿನಿಂದ ನಮ್ಮ ನೆಲವನ್ನು ಮೇಲಿನಿಂದಲೂ ನೋಡುತ್ತಾರೆ. 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲಿ 770ರಿಂದ 860 ನ್ಯಾನೋಮೀಟರಿನ ಒಂದು ಪಟ್ಟಿ ಇತ್ತು. ರೋಲೈ ಫಿಲ್ಮಿನ ಕಣ್ಣು 820ರ ಆಸುಪಾಸಿನವರೆಗೆ ಹೋಗುತ್ತದೆ. ಎರಡೂ ನೋಡುವುದು ಹೆಚ್ಚುಕಡಿಮೆ ಒಂದೇ ಬೆಳಕು. ಆದರೆ ಉಪಗ್ರಹದ ಲೆಕ್ಕದಲ್ಲಿ ಅವಕೆಂಪನ್ನು ಕೆಂಪಿನ ಜೊತೆ ಹೋಲಿಸಿ ಹಸಿರಿನ ಅಂಕ ಕೊಡುತ್ತಾರೆ. ಒಣಹುಲ್ಲು ಕೆಂಪನ್ನೂ ಹಿಂದಕ್ಕೆ ಕಳಿಸುವುದರಿಂದ ಅದರ ಅಂಕ ಬಿದ್ದುಹೋಗುತ್ತದೆ. ಉಪಗ್ರಹದ ಚಿತ್ರಗಳನ್ನು ಆಧರಿಸಿ 2000ದಲ್ಲಿ ಕೇಂದ್ರ ಸರ್ಕಾರ ತಂದ ಪಾಳುಭೂಮಿ ಅಟ್ಲಾಸಿನಲ್ಲಿ ಕುರುಚಲು ಇರುವ ಭೂಮಿ, ಕುರುಚಲು ಇಲ್ಲದ ಭೂಮಿ ಎರಡಕ್ಕೂ ಪಾಳುಭೂಮಿಯ ಪಟ್ಟಿಯಲ್ಲೇ ಜಾಗ. ಗಿಡ ಇದ್ದರೂ ಪಾಳು, ಇಲ್ಲದಿದ್ದರೂ ಪಾಳು. ಹುಲ್ಲುಗಾವಲಾದ ನಮ್ಮ ಕಾವಲುಗಳು ಇನ್ನೇನಾಗಿ ಕಂಡಾವು?

ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಗಳಿಗೆ ಮೀಸಲಾದ ಹುಲ್ಲುಗಾವಲು. ಈಗ ಅಲ್ಲಿ ರಕ್ಷಣಾ ಸಂಶೋಧನೆಯ ವೈಮಾನಿಕ ಪರೀಕ್ಷಾ ವಲಯವಿದೆ, 2017ರಲ್ಲಿ ಉದ್ಘಾಟನೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೋಗೆ ಬೇರೆ. ದೇಶಕ್ಕೆ ವಿಜ್ಞಾನ ಬೇಕು, ನಾನು ಅದರ ವಿರೋಧಿಯಲ್ಲ. ಆ ನೆಲ ಖಾಲಿ ಬಿದ್ದಿತ್ತು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಡಿಸೆಂಬರಿನ ಆ ಒಣ ಕರಡವೇ ಬೇಸಿಗೆಯವರೆಗೆ ಕುರಿ ದನಗಳ ಹೊಟ್ಟೆ ಹೊರೆಯುವುದು. ಇಲ್ಲಿನ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳು ಇಂದಿಗೂ ಇವೆ; ಹಗಲು ಮೇಯಿಸಿ ರಾತ್ರಿ ಮುಳ್ಳುಬೇಲಿಯ ರೊಪ್ಪಕ್ಕೆ ತುಂಬುವ ಕಿಲಾರಿಗಳು ಇದ್ದಾರೆ. ಕೃಷ್ಣಮೃಗ ಈ ಹುಲ್ಲಿನ ನಡುವೆಯೇ ಬದುಕಿದ ಪ್ರಾಣಿ. ಕಾಡುಗೊಲ್ಲ ಸಮುದಾಯದವರು ತಮ್ಮ ದೈವ ಕ್ಯಾತೇದೇವರ ಜಾತ್ರೆಗೆ ಗುಡಿ ಕಟ್ಟುವುದು ಬಾರೆ ಮುಳ್ಳಿನಿಂದ. ಬರಿಗಾಲಲ್ಲಿ ಅದನ್ನು ಹತ್ತಿ ಕಳಶ ಕೀಳುತ್ತಾರೆ. ಕುರುಚಲು ಎಂದು ಕಾಗದದಲ್ಲಿ ಬರೆದದ್ದು ಇಲ್ಲಿ ದೇವರ ಗೋಡೆ.

ಹಾಗೆಂದು ನಿಮ್ಮ ಫಿಲ್ಮು ಎಲ್ಲ ಸತ್ಯವನ್ನೂ ಹೇಳಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಜನವರಿಯ ಚಿತ್ರದಲ್ಲಿ ಎಲ್ಲಕ್ಕಿಂತ ಬೆಳ್ಳಗೆ, ದಟ್ಟವಾಗಿ ಹೊಳೆಯುವುದು ಬಹುಪಾಲು ಬಳ್ಳಾರಿ ಜಾಲಿ. ಹೊರದೇಶದಿಂದ ಬಂದ ಗಿಡ, ವರ್ಷವಿಡೀ ಹಸಿರು, ಕೆರೆಯಂಗಳ ಕಾವಲು ಎನ್ನದೆ ಹಬ್ಬಿ ಕೂತಿದೆ. ಹುಲ್ಲಿಗೆ ನೆರಳು ಹಾಕಿ ಕೊಲ್ಲುತ್ತದೆ. ಬಡವರ ಒಲೆಗೆ ಸೌದೆಯೂ ಅದೇ, ಅದೂ ನಿಜ. ಫಿಲ್ಮಿಗೆ ಅದೂ ಒಂದೇ, ನಮ್ಮ ಬಿಳಿಜಾಲಿಯೂ ಒಂದೇ, ತುಗ್ಗಲಿಯೂ ಒಂದೇ. ಚಿತ್ರ ಸುಂದರವಾಗಿ ಬಂತೆಂದು ಬಳ್ಳಾರಿ ಜಾಲಿಯ ಮೆಳೆಯನ್ನು ಸಮೃದ್ಧ ಕಾಡು ಎಂದು ಪ್ರದರ್ಶನದಲ್ಲಿ ತೂಗುಹಾಕಿದರೆ, ಉಪಗ್ರಹದ ಪಟ್ಟಿಯವರು ಮಾಡಿದ ಅನ್ಯಾಯವನ್ನೇ ನೀವು ಇನ್ನೊಂದು ದಿಕ್ಕಿನಿಂದ ಮಾಡಿದಂತೆ. ಮರ ಗುರುತಿಸಲು ಕಲಿಯಿರಿ.

ಬರುವವರಿಗೆ ಕೆಲವು ಮಾತು. ಕಾವಲಿನ ಬೇಲಿ ಹಾಕಿದ ಆವರಣಗಳ ಹತ್ತಿರ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯಬೇಡಿ. ರೊಪ್ಪದ ಬಳಿ ಹೋಗುವ ಮುಂಚೆ ಕಿಲಾರಿಯನ್ನು ಕೇಳಿ, ಅವರು ಚಪ್ಪಲಿ ಬಿಡಿ ಎಂದರೆ ಬಿಡಿ. ಮನುಷ್ಯರ ಮುಖ ಈ ಫಿಲ್ಮಿನಲ್ಲಿ ಮೇಣದ ಮುಖವಾಗುತ್ತದೆ. ಕುರಿ ಕಾಯುವವರ ಚಿತ್ರ ತೆಗೆದರೆ ಸಾಮಾನ್ಯ ಫಿಲ್ಮಿನಲ್ಲೂ ಒಂದು ತೆಗೆದು ಅದನ್ನು ಅವರಿಗೆ ಕೊಡಿ. ಫಿಲ್ಮನ್ನು ಬಯಲಿನಲ್ಲಿ ತುಂಬಬೇಡಿ, ಕಪ್ಪು ಚೀಲ ಇರಲಿ, ಇಲ್ಲವಾದರೆ ಯಾರದಾದರೂ ಮನೆಯೊಳಗಿನ ಕತ್ತಲೆ ಕೇಳಿ ಪಡೆಯಿರಿ. ಕೊಡಕ್‌ನ ಹೆಸರಾಂತ ಇನ್‌ಫ್ರಾರೆಡ್ ಫಿಲ್ಮು 2007ರಲ್ಲೇ ನಿಂತಿತು. ಊಟಿಯಲ್ಲಿ 'ಇಂದು' ರೋಲು ಮಾಡುತ್ತಿದ್ದ ಕಾರ್ಖಾನೆಯೂ ಮುಚ್ಚಿತು. ಉಳಿದಿರುವ ಒಂದೊಂದು ರೋಲೂ ಹಾಳಾಗಬಾರದು.

ಇಲ್ಲೇ ಡೆವಲಪ್ ಮಾಡುವುದಾದರೆ ಚಳಿಗಾಲವೇ ಸರಿ. ಬೇಸಿಗೆಯಲ್ಲಿ ನಮ್ಮ ನಲ್ಲಿಯ ನೀರನ್ನು 20 ಡಿಗ್ರಿಗೆ ಇಳಿಸಲು ಐಸು ಬೇಕು. ಜನವರಿಯಲ್ಲಿ ರಾತ್ರಿ ಅಂಗಳದಲ್ಲಿ ಕೊಡ ಇಟ್ಟರೆ ಸಾಕು, ಬೆಳಗಿನ ಹೊತ್ತಿಗೆ ತಾನೇ ತಣ್ಣಗಾಗಿರುತ್ತದೆ. ಕೊನೆಯ ತೊಳೆತಕ್ಕೆ ಮಾತ್ರ ಬೋರಿನ ನೀರು ಬೇಡ. ನಮ್ಮ ಬೋರಿನ ನೀರು ಗಡುಸು, ಫ್ಲೋರೈಡ್ ಬೇರೆ. ಒಣಗಿದ ಮೇಲೆ ನೆಗೆಟಿವ್ ತುಂಬ ಬಿಳಿ ಕಲೆ ಬಿಡುತ್ತದೆ, ಕಪ್ಪು ಆಕಾಶದಲ್ಲಿ ಅದು ಎದ್ದು ಕಾಣುತ್ತದೆ. ಆಟೋ ಅಂಗಡಿಗಳಲ್ಲಿ ಸಿಗುವ ಬ್ಯಾಟರಿ ನೀರು ಒಂದು ಕ್ಯಾನು ತಂದಿಟ್ಟುಕೊಳ್ಳಿ. ಜನ ಕುಡಿಯುವ ನೀರು ನೆಗೆಟಿವ್ ತೊಳೆಯಲೂ ಆಗದ ನೀರು ಎಂಬುದು ನಿಮ್ಮ ಗಮನಕ್ಕೆ ಬಂದರೆ ಅದನ್ನೂ ಊರಿಗೆ ಹೋಗಿ ಹೇಳಿ.

ಕೊನೆಗೆ ಒಂದು ಕೋರಿಕೆ. ಚಿತ್ರದ ಕೆಳಗೆ 'ಚಿತ್ರದುರ್ಗ ಜಿಲ್ಲೆಯ ಒಂದು ದೃಶ್ಯ' ಎಂದು ಬರೆದು ಮುಗಿಸಬೇಡಿ. ಯಾವ ಕಾವಲು, ಯಾವ ಹಳ್ಳಿಯ ದಿಕ್ಕು, ಯಾವ ತಿಂಗಳು, ಯಾವ ಮರ, ಬರೆಯಿರಿ. ಹೆಸರು ತಿಳಿಯದಿದ್ದರೆ ಪಕ್ಕದಲ್ಲಿ ಕುರಿ ಮೇಯಿಸುತ್ತಿರುವ ಅಜ್ಜನನ್ನು ಕೇಳಿ, ಬಿಳಿಜಾಲಿಗೂ ಬಳ್ಳಾರಿ ಜಾಲಿಗೂ ಇರುವ ವ್ಯತ್ಯಾಸವನ್ನು ಅವರು ಕೊಂಬೆ ಬಗ್ಗಿಸಿ ತೋರಿಸುತ್ತಾರೆ. ಮಾಡಿದ ಪ್ರಿಂಟುಗಳಲ್ಲಿ ಒಂದನ್ನು ಆ ಹಳ್ಳಿಯ ಶಾಲೆಗೆ ಕಳಿಸಿಕೊಡಿ. ಮುಂದೊಂದು ದಿನ ಇಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ, ತಿಂಗಳು, ಮರ, ಹುಲ್ಲಿನ ಹೆಸರಿನ ಸಮೇತ ಎತ್ತಿ ತೋರಿಸಲು ಆ ಮಕ್ಕಳ ಕೈಯಲ್ಲಿ ಒಂದು ಚಿತ್ರವಾದರೂ ಇರಲಿ.

ಇಂತಿ ನಿಮ್ಮವ,
ಚಳ್ಳಕೆರೆಯ ಒಬ್ಬ ಫೋಟೋಗ್ರಾಫರ್